ಚಂದ್ರಾಮನ ಕಣ್ಣು

೨೫ ಅಕ್ಟೋಬರ್ ೧೯೮೭, ರವಿವಾರ. ಅಫಜಲಪುರ

ದೀಪಾವಳಿ ಮುಗಿಸಿಕೊಂಡು ಹೆಂಡತಿಯ ತಮ್ಮ ಮಲ್ಲಣ್ಣ ಇವತ್ತು ತನ್ನೂರು ಘತ್ತರಗಿಗೆ ಹೊರಟ. ಹೋಗುವಾಗ ಅಕ್ಕನ ಕೈಗೆ ಒಂದು ಕರಿ ಡಬ್ಬಿ ಕೊಟ್ಟ. ತೊಗರಿ ಲಾರಿಯ ಜೊತೆ ಮುಂಬೈಗೆ ಹೋಗಿದ್ದನಲ್ಲ, ಅಲ್ಲಿ ಫುಟ್‌ಪಾತಿನ ಮೇಲೆ ಕೊಂಡದ್ದಂತೆ. ಕ್ಯಾಮೆರಾ! ಸಾಬೂನಿನ ಪೆಟ್ಟಿಗೆಯಷ್ಟಿದೆ, ತೂಕವೂ ಅಷ್ಟೇ. ಲೆನ್ಸ್ ತಿರುಗಿಸುವಂತಿಲ್ಲ, ಬೆಳಕು ನೋಡಿ ಹೊಂದಿಸುವಂತಿಲ್ಲ. ಗುಂಡಿ ಒತ್ತಿದರೆ ಕಟ್ ಅನ್ನುತ್ತದೆ, ಕತ್ತಲಿದ್ದರೆ ಫ್ಲಾಶ್ ಮಿಂಚುತ್ತದೆ, ಅಷ್ಟೇ ಅದರ ವಿದ್ಯೆ.

ಮೀಸೆ ಮೂಡುವ ಮೊದಲಿನಿಂದ ನಾನು ಶಾಂತಲಿಂಗಪ್ಪನವರ ಸ್ಟುಡಿಯೋದಲ್ಲಿದ್ದೇನೆ. ಇಂದಿಗೂ ಅವರು ತಮ್ಮ ದೊಡ್ಡ ಕ್ಯಾಮೆರಾವನ್ನು ನನಗೆ ಮುಟ್ಟಗೊಡುವುದಿಲ್ಲ. ನನ್ನದೇನಿದ್ದರೂ ಕುಂಚದ ಕೆಲಸ. ಅಂಥ ನನ್ನ ಮನೆಗೆ ಕ್ಯಾಮೆರಾ ಬಂತು, ಬಂದದ್ದು ಮಾತ್ರ ಹೆಂಡತಿಯ ಹೆಸರಿಗೆ. ರೊಟ್ಟಿ ಬಡಿಯುವವಳಿಗೆ ಕ್ಯಾಮೆರಾ ಕೊಡುತ್ತಾನೆ, ನನ್ನನ್ನು ಕೇಳಲೂ ಇಲ್ಲ. ಸಿಟ್ಟು ಬಂತು. ಬಂದದ್ದನ್ನು ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ?

"ಹಬ್ಬದಾಗ ಬಂದದ್ದು, ದೇವರ ಜಗಲಿ ಮ್ಯಾಲ ಇಡ್ತೇನ್ರಿ" ಅಂದಳು. ಇಟ್ಟು, ಅದಕ್ಕೂ ಅಡ್ಡ ವಿಭೂತಿ ಎಳೆದಳು. ದೇವರೇ ಕಾಪಾಡಬೇಕು.

೪ ನವೆಂಬರ್, ಬುಧವಾರ

ಅತನೂರಿನಿಂದ ಮಾಳಮ್ಮ ಎಂಬ ಹೆಂಗಸು ಬಂದಿದ್ದಳು, ಹಿಂದೆ ಸೊಸೆ ಸಾಬವ್ವ. ಮಗ ಚಂದ್ರಾಮ ಹೋದ ಚಳಿಗಾಲದಲ್ಲಿ ಜೋಳದ ಹೊಲದಲ್ಲಿ ಹಾವು ಕಡಿದು ತೀರಿಹೋದ. ಅವತ್ತು ಶಾಂತಲಿಂಗಪ್ಪನವರೇ ಹೋಗಿ ಫೋಟೋ ಹೊಡೆದುಕೊಂಡು ಬಂದಿದ್ದರು. ನಮ್ಮ ಕಡೆ ಬಹಳ ಮಂದಿಗೆ ಜನ್ಮಕ್ಕೊಂದೇ ಫೋಟೋ, ಅದೂ ಉಸಿರು ಹೋದ ಮೇಲೆ. ಗೋಡೆಗೆ ಆನಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ಕೊರಳಿಗೆ ಹೂವು ಹಾಕಿ ತೆಗೆಸುತ್ತಾರೆ. ವರ್ಷದ ಕಾರ್ಯದ ಹೊತ್ತಿಗೆ ಅದನ್ನು ದೊಡ್ಡದು ಮಾಡಿಸಿ ಫ್ರೇಮು ಹಾಕಿಸುತ್ತಾರೆ. ಮುಚ್ಚಿದ ರೆಪ್ಪೆಗಳ ಮೇಲೆ ಕಣ್ಣು ಬರೆದು ಕಣ್ಣು ತೆರೆಸುವುದು ನನ್ನ ಪಾಲಿನದು. ಈ ಕೆಲಸದಲ್ಲಿ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ, ಊರೇ ಹೇಳುವ ಮಾತು.

ಸಾಬವ್ವನ ಕಂಕುಳಲ್ಲಿ ಒಂದು ಕೂಸು. ಅಪ್ಪ ಸತ್ತಾಗ ಅದು ಇನ್ನೂ ಹೊಟ್ಟೆಯಲ್ಲಿತ್ತಂತೆ.

"ಜನವರಿ ಹನ್ನೊಂದಕ್ಕ ವರ್ಷದ ಕಾರ್ಯ ಅದ್ರಿ" ಅಂದಳು ಮಾಳಮ್ಮ. "ಕಣ್ಣು ಚಂದಾಗಿ ತಗಸ್ರಿ. ನನ್ನ ಮಗ ಹ್ಯಾಂಗಿದ್ದ ಅಂತ ಈ ಕೂಸಿಗಿ ಗೊತ್ತಾಗ್ಬೇಕು. ಬ್ಯಾರೆ ಏನೂ ಇಲ್ರಿ ಅವಂದು, ಇದೊಂದೇ."

"ಚಿಂತಿ ಬ್ಯಾಡ ಯವ್ವಾ. ಎದ್ದು ಬರ್ತಾನೇನೋ ಅನ್ನಂಗ ಮಾಡಿ ಕೊಡ್ತೇನಿ" ಅಂದೆ.

ನನಗೆ ಕುಂಚ ಹಿಡಿಯಲು ಕಲಿಸಿದ ಗುರುಗಳು ಹೇಳಿದ್ದು ಒಂದೇ ಸೂತ್ರ: ಎದುರಿಗೆ ನಿಂತವನನ್ನು ಕಣ್ಣು ನೇರ ನೋಡಬೇಕು. ಇಂದಿನವರೆಗೆ ನಾನು ಅದನ್ನು ಮೀರಿಲ್ಲ.

೧೨ ನವೆಂಬರ್, ಗುರುವಾರ

ಬರೆಯುವುದಕ್ಕೇ ಕೈ ಬರುತ್ತಿಲ್ಲ.

ಅತ್ತೆ-ಸೊಸೆ ಸಂತೆಗೆ ಬಂದವರು ಸ್ಟುಡಿಯೋಕ್ಕೂ ಬಂದರು. ಫೋಟೋ ತೋರಿಸಿದೆ. ಮಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಬವ್ವ ಒಂದೇ ಸಲ ನೋಡಿ ತಲೆ ಅಲ್ಲಾಡಿಸಿದಳು. ಅತ್ತೆಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು.

"ಏನಂತಾಳ?" ಅಂದರು ಶಾಂತಲಿಂಗಪ್ಪನವರು.

ಮಾಳಮ್ಮನಿಗೆ ಸಂಕೋಚ. "ಏನಿಲ್ರಿ... ಇವು ಅವರ ಕಣ್ಣಲ್ಲ ಅಂತಾಳ್ರಿ. ನಮ್ಮ ಬಾಜೂ ಮನಿ ಗ್ವಾಡಿ ಮ್ಯಾಲ ಅವ್ರ ಮುತ್ಯಾನ ಫೋಟೋ ಅದ, ಆ ಮುತ್ಯಾನ ಕಣ್ಣು ಇವು ಅಂತಾಳ್ರಿ."

ಶಾಂತಲಿಂಗಪ್ಪನವರು ನನ್ನ ಮುಖ ನೋಡಿದರು. ಗಿರಾಕಿಗಳ ಎದುರಿಗೆ ನನ್ನ ಮುಖವನ್ನು ಹಾಗೆ ಯಾರೂ ನೋಡಿರಲಿಲ್ಲ. "ಮತ್ತೊಂದು ಪ್ರಿಂಟ್ ಹಾಕಿ ಮಾಡಿ ಕೊಡೋ ದೇವೀಂದ್ರಾ. ಮೊದ್ಲೇ ಕಲಬುರಗ್ಯಾಗ ಕಲರ್ ಲ್ಯಾಬ್ ಬಂದದ. ಮನಿ ಮನಿಗಿ ಡಬ್ಬಿ ಕ್ಯಾಮೆರಾ ಬರಾಕತ್ತಾವ. ಜೀವ ಇದ್ದಾಗೇ ಫೋಟೋ ತಕ್ಕೊಂಡ್ರ ಸತ್ತ ಮ್ಯಾಲ ನಿನ್ನ ಯಾರು ಕೇಳ್ತಾರ?"

ಆ ಮುದುಕ ಮುತ್ಯಾನ ಕಣ್ಣು ಬರೆದವನೂ ನಾನೇ. ಹೌದು. ಅದಕ್ಕೇನೀಗ? ಕಣ್ಣು ಅಂದರೆ ಕಣ್ಣು. ಎರಡು ರೆಪ್ಪೆ, ನಡುವೆ ಗುಡ್ಡೆ, ಗುಡ್ಡೆಯ ಮೇಲೆ ಒಂದು ಬಿಳಿ ಚುಕ್ಕೆ.

೨೦ ನವೆಂಬರ್, ಶುಕ್ರವಾರ

ಆ ಡಬ್ಬಿಯ ಮೊದಲ ರೋಲು ಕಲಬುರಗಿಯಿಂದ ಬಂತು. ಹೆಂಡತಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ತರಿಸಿದ್ದಳು, ನನಗೆ ಹೇಳಿರಲೂ ಇಲ್ಲ. ಮೊದಲಿನ ಫೋಟೋಗಳೆಲ್ಲ ಮಂಜು ಮುಸುಕಿದ ಹಾಗಿವೆ. ನಮ್ಮ ಓಣಿಯಲ್ಲಿ ಯಾವಾಗ ಮಂಜು ಬಿದ್ದಿತ್ತಪ್ಪಾ ಎಂದು ತಲೆ ಕೆರೆದುಕೊಂಡು ಕಡೆಗೆ ಡಬ್ಬಿ ಹಿಡಿದು ನೋಡಿದೆ. ಲೆನ್ಸಿನ ಅಂಚಿನಲ್ಲಿ ಇನ್ನೂ ಅಳಿಸಿಹೋಗದ ವಿಭೂತಿ! ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಬಾಜೂ ಮನೆಯ ಮುಮತಾಜ ಬಳೆಯ ಬುಟ್ಟಿ ಇಳಿಸಿ, "ಅಕ್ಕಾ, ಇದಕ್ಕ ಲಿಂಗಾನೂ ಕಟ್ಟಬೇಕಿತ್ತು ನೋಡ್ರಿ" ಅಂದಳು. ಅವಳ ಬಾಯಿಗೆ ಬೀಗವಿಲ್ಲ.

ಕೊನೆಯ ಫೋಟೋ ನನ್ನದು. ಒಳಗಿನ ಖೋಲಿಯಲ್ಲಿ ಫ್ಲಾಶ್ ಹಾಕಿ ಹೊಡೆದದ್ದು. ನನ್ನ ಎರಡೂ ಕಣ್ಣು ಕೆಂಡದ ಹಾಗೆ ಕೆಂಪಗೆ ಉರಿಯುತ್ತಿವೆ.

"ನಿಮ್ಮ ಸಿಟ್ಟು ಇದಕ್ಕೂ ಕಾಣ್ತದ್ರಿ" ಅಂದಳು.

ಕುಂಚ ತೆಗೆದುಕೊಂಡು ತಿದ್ದಲು ಕೂತೆ. ಸತ್ತವರ ಕಣ್ಣು ತೆರೆಸುತ್ತ ಬಂದವನು ಇದೇ ಮೊದಲ ಸಲ ಬದುಕಿರುವವನ ಕಣ್ಣು ಬರೆಯುವುದು, ಅದೂ ನನ್ನದೇ. ಕಲರ್ ಫೋಟೋ ಆದ್ದರಿಂದ ಬಣ್ಣ ತಿಳಿಯಬೇಕಲ್ಲ, ಕನ್ನಡಿ ಹಿಡಿದು ಬಾಗಿಲ ಬೆಳಕಿಗೆ ಹೋದೆ. ನನ್ನ ಕಣ್ಣು ಕರಿ ಅಲ್ಲ! ಹುರಿದ ಶೇಂಗಾದ ಸಿಪ್ಪೆಯ ಬಣ್ಣ. ಗುಡ್ಡೆಯ ಸುತ್ತ ಒಂದು ಗೆರೆ, ಗೆರೆಯೊಳಗೆ ಮತ್ತೆ ಸಣ್ಣ ಸಣ್ಣ ಗೆರೆಗಳು. ಬಾಗಿಲು, ಅಂಗಳ, ಅಂಗಳದಲ್ಲಿ ಕಟ್ಟಿದ ಆಡು, ಎಲ್ಲವೂ ಅದರಲ್ಲಿ ಇಷ್ಟೇ ಇಷ್ಟಾಗಿ ಕಾಣುತ್ತಿವೆ. ಇದು ಮೊದಲಿನಿಂದಲೂ ಹೀಗೇ ಇತ್ತೇ? ಬೆರಗಾಗಿ ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಚಂದ್ರಾಮನ ಎರಡನೆಯ ಪ್ರಿಂಟನ್ನು ಮಾಡಿ ಮುಗಿಸಿದ್ದೆ. ಹಾಗೇ ಬದಿಗಿಟ್ಟೆ. ಅದೂ ಆ ಮುತ್ಯಾನದೇ ಕಣ್ಣು.

೨೯ ನವೆಂಬರ್, ರವಿವಾರ

ಇವತ್ತು ಅತನೂರಿಗೆ ಹೋಗಿ ಬಂದೆ. ಮಗನ ಕಣ್ಣು ತಾಯಿಯ ಮುಖದಲ್ಲಿ ಸಿಕ್ಕೀತು ಎಂದು ನನ್ನ ಲೆಕ್ಕ. ಡಬ್ಬಿ ಬೇಕೆಂದು ಹೆಂಡತಿಯನ್ನು ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ ಬೇಡಿಕೊಂಡೆ. "ಒಯ್ರಿ. ರೋಲ್ ಸುಮ್ಮಸುಮ್ಮಕ ಹಾಳ ಮಾಡಬ್ಯಾಡ್ರಿ" ಎಂದು ನನಗೇ ಬುದ್ಧಿ ಹೇಳಿ ಕೊಟ್ಟಳು.

ಅತನೂರಿನವರಿಗೆ ನಾನು ಯಾರೆಂದು ತಿಳಿದದ್ದೇ ತಡ, ಮನೆ ಮನೆಗೆ ಕರೆದರು. ನಮ್ಮ ಅಪ್ಪನ ಕಣ್ಣು ನೀವೇ ತೆರೆಸಿದ್ದು ನೋಡ್ರಿ, ನಮ್ಮ ಅಕ್ಕಂದು ನೋಡ್ರಿ, ಚಾ ಕುಡೀರಿ. ಹಿಗ್ಗಿನಿಂದಲೇ ಹೋದೆ. ಒಂದು ಪಡಸಾಲೆ ನೋಡಿದೆ, ಇನ್ನೊಂದು ನೋಡಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಹಿಗ್ಗು ಇಳಿದಿತ್ತು. ದಪ್ಪ ಮೀಸೆಯ ಗೌಡ, ಬೊಚ್ಚುಬಾಯಿಯ ಮುದುಕಿ, ಹೆರಿಗೆಯಲ್ಲಿ ಹೋದ ಹುಡುಗಿ, ಎಲ್ಲರೂ ಗೋಡೆಯ ಮೇಲಿನಿಂದ ಅವೇ ಎರಡು ಕಣ್ಣುಗಳಿಂದ ನನ್ನನ್ನು ನೋಡುತ್ತಿದ್ದರು. ಊರಿನ ಸತ್ತವರೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ. ಚಾದ ಕಪ್ಪು ಹಾಗೇ ಇಟ್ಟು ಎದ್ದೆ.

ಯಾರೂ ಇದನ್ನು ಕಂಡಿಲ್ಲ. ಕಂಡವಳು ಸಾಬವ್ವ ಒಬ್ಬಳೇ.

ಮಾಳಮ್ಮನನ್ನು ಅಂಗಳದಲ್ಲಿ ಬಿಸಿಲಿಗೆ ಕೂರಿಸಿ ಡಬ್ಬಿಯಿಂದ ನಾಲ್ಕಾರು ಸಲ ಹೊಡೆದೆ. "ಹತ್ರ ಹೋಗಬ್ಯಾಡ್ರಿ, ಹತ್ರ ಹೋದ್ರ ಮಸುಕಾಗ್ತದ" ಎಂದು ಹೆಂಡತಿ ಹೇಳಿದ್ದು ನೆನಪಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಸಾಬವ್ವ ಒಳಗೆ ಒಲೆಯ ಮುಂದೆ ಇದ್ದಳು. ಹೊಸ್ತಿಲ ಆಚೆ ಬರಲಿಲ್ಲ.

೧೦ ಡಿಸೆಂಬರ್, ಗುರುವಾರ

ಮಾಳಮ್ಮನ ಫೋಟೋ ಮುಂದಿಟ್ಟುಕೊಂಡು ಇಷ್ಟು ದಿನ ಕೂತೆ. ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿದೆ, ಬಲಗಣ್ಣಿನ ಕೊನೆಯಲ್ಲಿ ಮಡಿಕೆ ಇದೆ. ಹಾಗೆಯೇ ಬರೆದೆ. ನನ್ನ ಕೈಯಿಂದ ಇಂಥ ಕಣ್ಣು ಹಿಂದೆಂದೂ ಬಂದಿರಲಿಲ್ಲ.

ಇವತ್ತು ಬಂದರು. ಮಾಳಮ್ಮ ಫೋಟೋ ಕಂಡದ್ದೇ "ಚಂದ್ರಾಮಾ!" ಎಂದು ಕೂಗಿ ಬೆಂಚಿನ ಮೇಲೆ ಕುಸಿದಳು. ಫೋಟೋದ ಗಲ್ಲ ಸವರಿದಳು. ನನಗೂ ಕಣ್ಣು ತೇವವಾಯಿತು. ಇನ್ನೇನು ಬೇಕು?

ಸಾಬವ್ವ ಬಹಳ ಹೊತ್ತು ನೋಡಿದಳು. ಮತ್ತೆ ಅದೇ, ತಲೆ ಅಲ್ಲಾಡಿಸಿದಳು.

ಮಾಳಮ್ಮ ಸಿಡಿದಳು. "ನನ್ನ ಹೊಟ್ಟ್ಯಾಗ ಹುಟ್ಟಿದಂವ, ನನಗ ಗೊತ್ತಿಲ್ಲೇನ್ ಬೇ? ನಿನ್ನೆ ಮೊನ್ನೆ ಬಂದಾಕಿ ನೀ!" ಎಂದು ಬಸ್ಸು ಕೇಳಲು ಹೊರಗೆ ಹೋದಳು.

ನಾನು ಮೆಲ್ಲಗೆ ಕೇಳಿದೆ. "ಏನ್ ತಪ್ಪಾಗ್ಯಾದ ಹೇಳು ತಂಗಿ. ನಾ ತಿದ್ತೇನಿ."

"ಕಣ್ಣು ಅವ್ರವೇ ಅದಾವ್ರಿ ಅಣ್ಣಾ" ಅಂದಳು. ದನಿ ಕೇಳಿದ್ದು ಇದೇ ಮೊದಲು. "ಆದ್ರ ಅವ್ರು ನನ್ನ ಹಿಂಗ ಎಂದೂ ನೋಡಿಲ್ರಿ. ಇದನ್ನ ಮನ್ಯಾಗ ಹಾಕಿದ್ರ ನನಗ ಯಾರೋ ಬ್ಯಾರೆ ಗಂಡಸು ನೋಡಿದಂಗ ಆಗ್ತದ್ರಿ."

"ಮತ್ತ ಹ್ಯಾಂಗ ನೋಡ್ತಿದ್ರು?"

ಅವಳು ನೆಲ ನೋಡಿದಳು. ಕೂಸು ಅವಳ ಸೆರಗು ಹಿಡಿದು ಎಳೆಯುತ್ತಿತ್ತು. ಅಷ್ಟರಲ್ಲಿ ಮಾಳಮ್ಮ ಕೂಗಿದಳು, ಸಾಬವ್ವ ಎದ್ದು ಹೋದಳು. ಇದೇ ಫೋಟೋಕ್ಕೆ ಫ್ರೇಮು ಹಾಕಿ, ಕಾರ್ಯದ ದಿನ ಗೋಡೆಗೆ ಏರಿಸುವುದೆಂದು ಮಾಳಮ್ಮ ಶಾಂತಲಿಂಗಪ್ಪನವರಿಗೆ ಹೇಳಿಬಿಟ್ಟಿದ್ದಾಳೆ.

ಒಮ್ಮೆ ಏರಿದ ಫೋಟೋ ಇಳಿಯುವುದಿಲ್ಲ. ಸಾಬವ್ವ ಜೀವ ಇರುವತನಕ ಅದರ ಕೆಳಗೆ ಓಡಾಡಬೇಕು. ಕೂಸು ಅದನ್ನೇ ಅಪ್ಪ ಅಂದುಕೊಂಡು ಬೆಳೆಯುತ್ತದೆ.

೧೧ ಡಿಸೆಂಬರ್, ಶುಕ್ರವಾರ

ನಗುವ ಕಣ್ಣು ಬರೆದೆ. ಸಿಟ್ಟಿನ ಕಣ್ಣು ಬರೆದೆ. ಕರುಣೆಯ ಕಣ್ಣು ಬರೆದೆ. ಯಾವುದೂ ಅಲ್ಲ. ಎಲ್ಲ ಹರಿದು ಹಾಕಿದೆ.

೧೬ ಡಿಸೆಂಬರ್, ಬುಧವಾರ

ಬಸ್‌ಸ್ಟ್ಯಾಂಡಿಗೆ ಹೋಗಿ ಕೂತು ಮಂದಿಯ ಕಣ್ಣು ನೋಡಿದೆ. ಶಿವನೇ, ಎಷ್ಟು ಬಗೆ! ಒಂದು ಜೋಡಿ ಇನ್ನೊಂದರ ಹಾಗಿಲ್ಲ. ಅಣ್ಣ-ತಮ್ಮಂದಿರು ಒಂದೇ ಬೀಡಿ ಹಂಚಿಕೊಂಡು ಸೇದುತ್ತಿದ್ದರು, ಅವರ ಕಣ್ಣುಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ಒಬ್ಬ ಮುದುಕಿಯ ಕಣ್ಣಲ್ಲಿ ನೀಲಿ ಬಳೆ ಇಟ್ಟ ಹಾಗೆ ಒಂದು ಸುತ್ತು. ಇವರೆಲ್ಲ ಇದೇ ರಸ್ತೆಯಲ್ಲಿ ದಿನಾ ಓಡಾಡಿದವರು, ನಾನೂ ಓಡಾಡಿದವನು. ಎಲ್ಲಿ ಇಟ್ಟಿದ್ದೆನೋ ನನ್ನ ಕಣ್ಣು.

ಜೇವರ್ಗಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸಿನ ಕಣ್ಣು ನೋಡುತ್ತ ಮೈಮರೆತಿದ್ದೆ. ಅವಳ ಅಣ್ಣ ಬಂದು, "ಏನ್ಲೇ, ಮನ್ಯಾಗ ಅಕ್ಕ ತಂಗೇರಿಲ್ಲೇನು?" ಎಂದು ಅಂಗಿ ಹಿಡಿದ. ಸ್ಟುಡಿಯೋದವನು ಎಂದು ಹೇಳಿ ತಪ್ಪಿಸಿಕೊಂಡು ಬಂದೆ. ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ಅಂಬುಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

೨೦ ಡಿಸೆಂಬರ್, ರವಿವಾರ. ಘತ್ತರಗಿ

ಇವತ್ತು ಎಳ್ಳಮಾಸಿ. ಪ್ರತಿ ವರ್ಷದಂತೆ ಮಲ್ಲಣ್ಣನ ಹೊಲಕ್ಕೆ ಬಂದಿದ್ದೇವೆ. ಮುಮತಾಜಳನ್ನೂ ಕರೆತಂದಿದ್ದಾಳೆ ಅಂಬುಬಾಯಿ, ಡಬ್ಬಿಯನ್ನೂ ತಂದಿದ್ದಾಳೆ. ಬರುವಾಗ ಭಾಗ್ಯವಂತಿ ಗುಡಿಗೆ ಹೋಗಿ ಕೈಮುಗಿದು ಬಂದೆವು. ಅಮಾಸಿಯಾದ್ದರಿಂದ ಮಂದಿಯೋ ಮಂದಿ, ಭೀಮೆಯ ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಜೋಳ ಎದೆಯೆತ್ತರ ನಿಂತಿದೆ. ಮಲ್ಲಣ್ಣ ಸುತ್ತ ಹೊಲಕ್ಕೆ ಎಡೆಯ ಚರಗ ಚೆಲ್ಲಿ ಬಂದ. ಭೂಮಿತಾಯಿ ಉಂಡ ಮೇಲೆ ನಾವು ಸಾಲಾಗಿ ಕೂತೆವು. ಸಜ್ಜಿರೊಟ್ಟಿ, ಭಜ್ಜಿಪಲ್ಯ, ಅಂಬಲಿ, ಶೇಂಗಾದ ಹೋಳಿಗೆ. ನಾನು ಸಾಲಿನ ಕೊನೆಗೆ ಕೂತಿದ್ದೆ. ಹೊಟ್ಟೆ ಹಸಿದಿತ್ತು, ಆದರೆ ತುತ್ತು ಇಳಿಯುತ್ತಿರಲಿಲ್ಲ. ಕಾರ್ಯದ ದಿನ ಹತ್ತಿರ ಬಂತು. ಫ್ರೇಮು ಸಿದ್ಧವಾಗಿದೆ. ನನ್ನ ಮಾವನವರು ಎರಡು ಸಲ ಮಾತನಾಡಿಸಿದರು, ಹೂಂ ಅಂದೆ.

ಮುಮತಾಜ ಡಬ್ಬಿ ಹಿಡಿದುಕೊಂಡು ಹೊಲತುಂಬ ಕುಣಿದಾಡುತ್ತಿದ್ದಳು. "ಎಲ್ಲಾರೂ ಇತ್ತ ನೋಡ್ರಿ! ಭಯ್ಯಾ, ನೀವೂ ನೋಡ್ರಿ! ಅಯ್ಯೋ, ಯಾರೂ ನೋಡವಲ್ರು" ಎಂದು ಒದರುತ್ತಲೇ ಕಟ್ ಕಟ್ ಒತ್ತುತ್ತಿದ್ದಳು. ಇನ್ನೊಂದು ರೋಲು ಹಾಳಾಯಿತು ಅಂದುಕೊಂಡೆ.

ಭಜ್ಜಿಗೆ ಉಪ್ಪು ಕಡಿಮೆ ಇತ್ತು.

೩೦ ಡಿಸೆಂಬರ್, ಬುಧವಾರ. ಅಫಜಲಪುರ

ಕಲಬುರಗಿಯಿಂದ ಎಳ್ಳಮಾಸಿಯ ರೋಲು ಬಂತು.

ಕಂಡಕ್ಟರ್ ಲಕೋಟೆ ತಂದುಕೊಟ್ಟ. ಅಂಬುಬಾಯಿ ಬಾವಿಗೆ ಹೋಗಿದ್ದಳು, ನಾನೇ ಬಿಚ್ಚಿದೆ. ಮುಮತಾಜಳ ಕೈಚಳಕ ಹೇಳಬೇಕಾಗಿಲ್ಲ. ಒಂದರಲ್ಲಿ ಮಲ್ಲಣ್ಣನ ತಲೆ ಇಲ್ಲ, ಒಂದರಲ್ಲಿ ಬರೀ ಜೋಳದ ತೆನೆ. ನಗುತ್ತ ನಗುತ್ತ ಒಂದೊಂದೇ ತಿರುವುತ್ತಿದ್ದೆ. ಒಂದು ಫೋಟೋಕ್ಕೆ ಬಂದೆ, ನಿಂತೆ.

ಸೊಟ್ಟ ಫೋಟೋ. ಮೂಲೆಯಲ್ಲಿ ಮುಮತಾಜಳ ಹೆಬ್ಬೆರಳು. ಊಟದ ಸಾಲು. ಕೊನೆಗೆ ನಾನು, ಮೋರೆ ಇಳಿಬಿಟ್ಟುಕೊಂಡು ಜೋಳದ ಕಡೆ ನೋಡುತ್ತಿದ್ದೇನೆ. ನಡುವೆ ಅಂಬುಬಾಯಿ ಬಾಗಿ ಅವರಪ್ಪನ ತಾಟಿಗೆ ಭಜ್ಜಿ ನೀಡುತ್ತಿದ್ದಾಳೆ. ತಲೆ ತುಂಬ ಸೆರಗು, ಮುಖ ಅಪ್ಪನ ತಾಟಿನ ಕಡೆಗೇ ಇದೆ. ಕಣ್ಣು ಮಾತ್ರ ಅಲ್ಲಿಲ್ಲ. ಗುಡ್ಡೆಗಳೆರಡೂ ಕಣ್ಣಂಚಿಗೆ ಸರಿದಿವೆ. ಅಷ್ಟು ದೂರದಿಂದ, ಅಷ್ಟು ಜನರ ನಡುವೆ, ಅವಳು ನನ್ನನ್ನು ನೋಡುತ್ತಿದ್ದಾಳೆ. ನಾನು ಉಂಡೆನೋ ಇಲ್ಲವೋ, ನನಗೇನಾಗಿದೆಯೋ ಎಂದು ನೋಡುತ್ತಿದ್ದಾಳೆ.

ಈ ನೋಟವನ್ನು ನಾನು ಎಂದೂ ಕಂಡಿಲ್ಲ. ಹೇಗೆ ಕಾಣಬೇಕು? ನಾನು ತಿರುಗಿದರೆ ಅವಳು ಕಣ್ಣು ತಗ್ಗಿಸುತ್ತಾಳೆ. ಹಿರಿಯರ ಎದುರಿಗೆ ಗಂಡ-ಹೆಂಡತಿ ಮುಖ ಎತ್ತಿ ನೋಡಿಕೊಳ್ಳಬಾರದು. ನಮ್ಮ ಅವ್ವ ಇದ್ದಾಗಿನಿಂದ ನಮ್ಮ ಮನೆಯ ರೂಢಿ ಅದು. ಅವ್ವ ಹೋದಳು, ರೂಢಿ ಉಳಿಯಿತು. ನನ್ನ ಬೆನ್ನ ಹಿಂದೆ, ನನ್ನ ಪಕ್ಕದಲ್ಲಿ, ನಾನು ಸಿಟ್ಟು ಮಾಡಿಕೊಂಡು ಉಣ್ಣುವಾಗ, ಇಷ್ಟು ವರ್ಷ ಇದು ನಡೆಯುತ್ತಿತ್ತೇ? ಇಂಥದೊಂದು ನನಗಾಗಿ ಈ ಲೋಕದಲ್ಲಿ ಇತ್ತೇ? ಜಗಲಿಯ ಮುಂದೆ ಸುಮ್ಮನೆ ಕೂತುಬಿಟ್ಟೆ.

ಆಗ ಸಾಬವ್ವನ ಮಾತು ತಿಳಿಯಿತು. ತುಂಬಿದ ಮನೆ, ಎದುರಿಗೆ ಅತ್ತೆ. ಚಂದ್ರಾಮ ಎಂದಾದರೂ ಅವಳನ್ನು ನೇರ ನೋಡಿದ್ದನೇ? ನೋಡುವಂತಿತ್ತೇ?

ಅಂಬುಬಾಯಿ ಕೊಡ ಇಳಿಸಿ ಬಂದಳು. ಫೋಟೋ ತೋರಿಸಿ "ಇದೇನು?" ಅಂದೆ. ಕಸಿದುಕೊಂಡು ನೋಡಿದಳು. ಕಿವಿಯವರೆಗೆ ಕೆಂಪಾದಳು.

"ಭಜ್ಜಿಗಿ ಉಪ್ಪು ಕಮ್ಮಿ ಬಿದ್ದಿತ್ತಲ್ರಿ" ಅಂದಳು. "ಬೈತೀರೇನೋ ಅಂತ ನೋಡಿರಬೇಕು." ಒಳಗೆ ಹೋಗಿಬಿಟ್ಟಳು.

೨ ಜನವರಿ ೧೯೮೮, ಶನಿವಾರ

ಹೊಸ ಪ್ರಿಂಟ್ ಹಾಕಿಸಿಕೊಂಡು ಕೂತೆ. ರೆಪ್ಪೆ ಮಾಳಮ್ಮನದೇ, ಬಣ್ಣ ಮಾಳಮ್ಮನದೇ. ಗುಡ್ಡೆಗಳನ್ನು ಮಾತ್ರ ಕಣ್ಣಂಚಿಗೆ ಸರಿಸಿದೆ. ಒಂದು ಕೂದಲೆಳೆ ಹೆಚ್ಚಾದರೆ ಕಳ್ಳನ ಕಣ್ಣು, ಕಡಿಮೆಯಾದರೆ ಮೆಳ್ಳಗಣ್ಣು. ಅಂಬುಬಾಯಿಯ ಫೋಟೋ ಮುಂದೆ ಇಟ್ಟುಕೊಂಡಿದ್ದೆ. ಅದನ್ನು ನೋಡುವುದು, ಒಂದು ಚುಕ್ಕೆ ಇಡುವುದು, ಮತ್ತೆ ನೋಡುವುದು. ಗುರುಗಳ ಸೂತ್ರ ಮುರಿಯುವಾಗ ಕೈ ಅಳುಕಿತು. ಸುಳ್ಳೇಕೆ ಹೇಳಲಿ, ಹೆದರಿಕೆಯೇ ಆಯಿತು.

ಶಾಂತಲಿಂಗಪ್ಪನವರು ನೋಡಿ ಹಣೆ ಬಡಿದುಕೊಂಡರು. "ದೇವೀಂದ್ರಾ! ಲಿಂಗೈಕ್ಯ ಆದವನ್ನ ಆಡಿನ ಕಳ್ಳನ್ನ ಮಾಡೀಯಲ್ಲೋ! ಮುದುಕಿ ಒಪ್ಪಿದ್ದು ಫ್ರೇಮಿನ್ಯಾಗ ಕುಂತದ. ಅದನ್ನ ಒಯ್ದು ಕೊಟ್ಟು ಬಾ."

"ಎರಡೂ ಒಯ್ತೇನ್ರಿ" ಅಂದೆ. "ಅವ್ರು ಬ್ಯಾಡಂದ್ರ ಅವತ್ತಿನಿಂದ ನಾ ಕುಂಚ ಮುಟ್ಟಂಗಿಲ್ಲ."

ಯಾಕೆ ಹಾಗಂದೆನೋ. ಬಾಯಿಂದ ಬಂದುಬಿಟ್ಟಿತು.

೧೧ ಜನವರಿ, ಸೋಮವಾರ

ಅತನೂರಿನಿಂದ ಈಗ ಬಂದೆ. ಕೈಕಾಲು ತೊಳೆಯದೆ ಬರೆಯಲು ಕೂತಿದ್ದೇನೆ.

ಪಡಸಾಲೆ ತುಂಬ ನೆಂಟರು. ಕಾರ್ಯ ಮಾಡಿಸುವ ಅಯ್ಯನವರು ಬಂದು ಕೂತಿದ್ದರು. ಗೋಡೆಗೆ ಮೊಳೆ ಹೊಡೆದು ಕಾಯುತ್ತಿದ್ದರು. ನಾನು ಹೊಸ ಫೋಟೋವನ್ನೇ ಮೊದಲು ಬಿಚ್ಚಿ ಗೋಡೆಗೆ ಆನಿಸಿ ಇಟ್ಟೆ.

ಮಾಳಮ್ಮ ಎದುರಿಗೆ ಬಂದು ನಿಂತಳು. ಅತ್ತ ಸರಿದಳು, ಇತ್ತ ಸರಿದಳು. "ಇದೇನ್ರಿ? ನನ್ನ ಮಗ ನನ್ನ ಕಡೆ ನೋಡವಲ್ಲ!"

ನೆಂಟರು ಗುಸುಗುಸು ಶುರು ಮಾಡಿದರು. ಮೆಳ್ಳಗಣ್ಣು ಮಾಡ್ಯಾನ ಅಂದ ಒಬ್ಬ. ಗದ್ದಲ ಕೇಳಿ ಒಳಗಿನಿಂದ ಸಾಬವ್ವ ಬಂದಳು, ಕಂಕುಳಲ್ಲಿ ಕೂಸು, ಕೈಯೆಲ್ಲ ಹಿಟ್ಟು. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ತಲೆ ಎತ್ತಿದಳು. ಫೋಟೋದ ನೋಟ ಸರಿಯಾಗಿ ಅಲ್ಲಿಗೇ ಬೀಳುತ್ತಿತ್ತು.

ಹಿಟ್ಟಿನ ಕೈ ತಾನಾಗಿ ಮೇಲೆದ್ದಿತು. ಜಾರಿದ್ದ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಗಂಡ ಈಗಷ್ಟೇ ಹೊಲದಿಂದ ಬಂದನೇನೋ ಎಂಬಂತೆ, ಸಾಬವ್ವ ಮುಖ ತಗ್ಗಿಸಿದಳು.

ಇಷ್ಟು ವರ್ಷ ಬರೆದ ಕಣ್ಣುಗಳಲ್ಲಿ ಒಂದಾದರೂ ಯಾರನ್ನಾದರೂ ನೋಡಿತ್ತೇ? ಇದು ನೋಡಿತು.

ಮಾಳಮ್ಮ ಸೊಸೆಯನ್ನು ನೋಡಿದಳು, ಫೋಟೋ ನೋಡಿದಳು, ಮತ್ತೆ ಸೊಸೆಯನ್ನು ನೋಡಿದಳು.

"ಹೌದ್ರಿ" ಅಂದಳು ಕಡೆಗೆ. "ಹಿಂಗೇ ನೋಡ್ತಿದ್ದ ಕಳ್ಳ. ಮುದುಕಿಗಿ ಕಾಣಂಗಿಲ್ಲ ಅಂತ ತಿಳ್ಕೊಂಡಿದ್ದ."

ನಾನು ಚೀಲದಿಂದ ಇನ್ನೊಂದನ್ನು ತೆಗೆದೆ. "ನೀವು ಒಪ್ಪಿದ್ದೂ ತಂದೇನಿ ಯವ್ವಾ. ಇದ್ರಾಗ ನಿಮ್ಮನ್ನೇ ನೋಡ್ತಾನ."

ಅದರ ಗಲ್ಲವನ್ನೂ ಒಮ್ಮೆ ಸವರಿದಳು. ಸವರಿ ನನ್ನ ಕೈಗೇ ತಿರುಗಿ ಕೊಟ್ಟಳು. "ಒಬ್ಬ ಮಗನಿಗಿ ಎರಡು ಜೋಡಿ ಕಣ್ಣು ಯಾಕ್ರಿ? ನಾ ಎಷ್ಟು ದಿನ ಇರಾಕಿ?" ಎಂದು ಮೊಳೆ ಹೊಡೆದವನ ಕಡೆ ತಿರುಗಿದಳು. "ಏ ತಮ್ಮಾ, ಆ ಗ್ವಾಡಿಗಿ ಬ್ಯಾಡ. ಈ ಗ್ವಾಡಿಗಿ ಹೊಡಿ. ಅವನಿಗಿ ಒಲಿ ಕಾಣಬೇಕು."

೧೨ ಜನವರಿ, ಮಂಗಳವಾರ

ನಿನ್ನೆ ಡಬ್ಬಿ ಕೊರಳಲ್ಲೇ ಇತ್ತು. ಒಂದು ಸಲವೂ ಒತ್ತಲಿಲ್ಲ. "ಅತ್ತಿ-ಸೊಸಿ, ಕೂಸು, ಎಲ್ಲಾರ್ದೂ ಜೀವ ಇದ್ದಾಗೇ ಒಂದು ತಕ್ಕೊಂಡು ಬರ್ರಿ ಅಂತ ಕೊಟ್ಟು ಕಳಿಸಿದ್ದೆ. ಮರ್ತು ಬಂದೀರಲ್ಲ!" ಎಂದು ಅಂಬುಬಾಯಿ ಮುಂಜಾನೆಯಿಂದ ಬೈಯುತ್ತಿದ್ದಾಳೆ. ಬೈಯಲಿ. ಮುಂದಿನ ರವಿವಾರ ಇಬ್ಬರೂ ಹೋಗಿ ಬರುವುದೆಂದು ಆಗಿದೆ. ಹೊಡೆಯುವವಳು ಅವಳೇ. ನಾನು ಕೊಡೆ ಹಿಡಿಯುತ್ತೇನೆ, ಬಿಸಿಲು ಲೆನ್ಸಿಗೆ ಬೀಳಬಾರದು ನೋಡಿ.

ಈಗ ಚಾ ಕುಡಿಯುತ್ತ ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಡಿಗೆಮನೆ ನನ್ನ ಬೆನ್ನಿಗಿದೆ. ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಈಗ ಸ್ವಲ್ಪ ಹೊತ್ತಿನಿಂದ ನಿಂತಿದೆ.

ಯಾಕೆ ನಿಂತಿದೆ ಎಂದು ನನಗೆ ಗೊತ್ತು. ತಿರುಗಿದರೆ ಅವಳು ಕಣ್ಣು ತಗ್ಗಿಸುತ್ತಾಳೆ. ಅದಕ್ಕೇ ತಿರುಗದೆ ಹಾಗೇ ಕೂತಿದ್ದೇನೆ.